ರಸೀದಿ ಇಲ್ಲದ ದುಡಿಮೆಯನ್ನು ಆಕ್ಷೇಪಣೆ ಪತ್ರದಲ್ಲಿ ಬರೆಯುವುದು ಹೇಗೆ? (ಅಘನಾಶಿನಿಯ ಬಳಚು)

ಹೊಳೆಸಾಲಿನವಳು (ನಾಗರಭಾವಿ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದವಾಗಿದೆ, ಸ್ವಲ್ಪ ಸಹಿಸಿಕೊಳ್ಳಿ.

ನಾನು ಚಾಮರಾಜಪೇಟೆಯ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಊರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯಲ್ಲಿ. ಹೊಳೆ ಕಡಲು ಸೇರುವ ಕಡೆ ಮತ್ತೆ ಏನೋ ದೊಡ್ಡ ಕೈಗಾರಿಕೆ ಬರುತ್ತದೆ ಎಂಬ ಸುದ್ದಿ ಊರಿನಲ್ಲಿ ಓಡಾಡುತ್ತಿದೆ. ಹೊಳೆಬಾಯಿಯಲ್ಲಿರುವ ತದಡಿಯ ಸುತ್ತಮುತ್ತಲಿನವರಿಗೆ ಇದು ಹೊಸ ಕಥೆಯಲ್ಲ. 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದರು. ಜನ ಎದ್ದು ನಿಂತರು, ಅದು ಹೋಯಿತು. ಆಮೇಲೆ ಸರ್ವಋತು ಬಂದರು ಎಂದರು. ಈ ಸಲ ಬರುವುದು ಏನು ಎಂಬುದೇ ಯಾರಿಗೂ ಸ್ಪಷ್ಟವಿಲ್ಲ. ಆದರೂ ಅಹವಾಲು ಸಭೆ ಎಂದಾದರೂ ನಡೆದರೆ ಕೈಯಲ್ಲಿ ಕಾಗದ ಇರಲಿ ಎಂದು ಕೇರಿಯವರು ಮಾತಾಡಿಕೊಂಡು, "ನೀನು ಬೆಂಗಳೂರಿನಲ್ಲಿ ಲೆಕ್ಕ ಬರೆಯುವವಳು, ನೀನೇ ಬರೆದು ಕೊಡು" ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ನಾನು ಸಿಕ್ಕಿಹಾಕಿಕೊಂಡಿರುವುದು ಆ ಲೆಕ್ಕದಲ್ಲೇ.

ನಮ್ಮ ಚಿಕ್ಕಮ್ಮ ಬಳಚು, ಅಂದರೆ ಹೊಳೆಯ ಮರಳಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ, ತೆಗೆಯುತ್ತಾರೆ. ನೀರು ಇಳಿಯುವ ಹೊತ್ತು ನೋಡಿಕೊಂಡು ನಾಲ್ಕಾರು ಹೆಂಗಸರು ಒಟ್ಟಾಗಿ ಹೋಗುತ್ತಾರೆ. ಮೊಣಕಾಲು ಮಟ್ಟದಿಂದ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಣ್ಣಿನಿಂದಲ್ಲ, ಅಂಗಾಲಿನಿಂದ ಹುಡುಕುತ್ತಾರೆ. ಪಾದಕ್ಕೆ ಗಟ್ಟಿ ತಾಗಿದರೆ ಬಗ್ಗಿ ಕೈಯಿಂದ ಎತ್ತುವುದು, ಸೊಂಟಕ್ಕೆ ಹಗ್ಗದಿಂದ ಕಟ್ಟಿದ ಅಲ್ಯೂಮಿನಿಯಂ ಪಾತ್ರೆ ಪಕ್ಕದಲ್ಲೇ ತೇಲುತ್ತಿರುತ್ತದೆ, ಅದಕ್ಕೆ ಹಾಕುವುದು. ಬೆರಳಿನ ಉಗುರುಗಳ ಸುತ್ತ ಚರ್ಮ ಸದಾ ಬೆಳ್ಳಗೆ ನೆನೆದು ಬಿರಿದಿರುತ್ತದೆ. ಚಿಪ್ಪಿನ ಅಂಚು ಕೊಯ್ದ ಗಾಯ ಉಪ್ಪುನೀರಿನಲ್ಲಿ ಬೇಗ ಒಣಗುವುದಿಲ್ಲ. ಮನೆಗೆ ತಂದು ಮಣ್ಣು ಕಕ್ಕಲಿ ಎಂದು ನೀರಿನಲ್ಲಿ ಇಡುತ್ತಾರೆ. ಒಂದಷ್ಟನ್ನು ಮೆಟ್ಟುಕತ್ತಿಯಲ್ಲಿ ಒಡೆದು ಮನೆಗೆ ಇಟ್ಟುಕೊಂಡು, ಉಳಿದದ್ದನ್ನು ಗುಡ್ಡೆ ಹಾಕಿ ಪೇಟೆಯಲ್ಲಿ ಮಾರುತ್ತಾರೆ, ಇಲ್ಲವೇ ಮನೆಬಾಗಿಲಿಗೆ ಬರುವ ವ್ಯಾಪಾರಿಗೆ ಕೊಡುತ್ತಾರೆ. ಹಣ ಸೆರಗಿನ ಗಂಟಿಗೆ ಹೋಗುತ್ತದೆ. ಅಲ್ಲಿಂದ ರೇಷನ್, ಔಷಧ, ಸಂಘದ ಕಂತು.

ಇದರಲ್ಲಿ ಎಲ್ಲಿಯೂ ಒಂದು ಚೀಟಿ ಇಲ್ಲ. ದೋಣಿಗೆ ನೋಂದಣಿ ಸಂಖ್ಯೆ ಇರುತ್ತದೆ, ಗದ್ದೆಗೆ ಪಹಣಿ ಇರುತ್ತದೆ, ಸೀಗಡಿ ಕೆರೆಗೆ ಗುತ್ತಿಗೆ ಪತ್ರ ಇರುತ್ತದೆ. ಚಿಕ್ಕಮ್ಮ ದುಡಿಯುವ ಜಾಗ ದಿನಕ್ಕೆ ಎರಡು ಸಲ ನೀರಿನಡಿ ಹೋಗುತ್ತದೆ, ಅದಕ್ಕೆ ಯಾವ ಕಾಗದವೂ ಇಲ್ಲ. ನಕ್ಷೆ ನೋಡುವವನಿಗೆ ಅದು ಖಾಲಿ. ನಷ್ಟದ ಪಟ್ಟಿಯಲ್ಲಿ ಅಂಕಿ ಇಲ್ಲದ ಕಾಲಂ ಸೊನ್ನೆ ಎಂದೇ ಆಗುತ್ತದೆ ಎಂಬುದನ್ನು ನಾನು ದಿನಾ ಕಚೇರಿಯಲ್ಲಿ ನೋಡುತ್ತೇನೆ.

ಕೈಗಾರಿಕೆಯ ವಿರೋಧಿ ನಾನಲ್ಲ. ನನ್ನ ಸಂಬಳ ಬರುವುದೇ ಪೀಣ್ಯದ ಸಣ್ಣ ಕಾರ್ಖಾನೆಗಳ ಜಿಎಸ್‌ಟಿ ಲೆಕ್ಕ ಬರೆಯುವುದರಿಂದ. ಚಿಕ್ಕಮ್ಮನ ಮಗ ಡಿಪ್ಲೊಮಾ ಮುಗಿಸಿ ಲಗ್ಗೆರೆಯ ಒಂದು ಕೋಣೆಯಲ್ಲಿ ಮೂವರ ಜೊತೆ ಇದ್ದಾನೆ, ಊರಿನಲ್ಲಿ ಕೆಲಸ ಸಿಕ್ಕರೆ ನಾಳೆಯೇ ಬಸ್ಸು ಹತ್ತುತ್ತಾನೆ. ಆದ್ದರಿಂದ "ಬೇಡವೇ ಬೇಡ" ಎಂಬ ಘೋಷಣೆಯನ್ನಲ್ಲ, ಲೆಕ್ಕವನ್ನು ಬರೆಯಬೇಕೆಂದಿದ್ದೇನೆ. ಇಂಥ ಆದಾಯವನ್ನು ಒಪ್ಪುವ ರೀತಿಯಲ್ಲಿ ದಾಖಲಿಸುವುದು ಹೇಗೆ? ಎರಡೂ ಒಟ್ಟಿಗೆ ಬದುಕಬಹುದಾದ ದಾರಿ ಏನಾದರೂ ಇದೆಯೇ, ಅಥವಾ ಅದು ಸಭೆಗಳಲ್ಲಿ ಹೇಳುವ ಚಂದದ ಮಾತು ಮಾತ್ರವೇ?

---

ಪಚ್ಚಿಲೆ (ಯಲಹಂಕ)

ತಂಗಿ, ನಾನು ಮೀನುಗಾರಿಕೆಯ ಕೆಲಸದಲ್ಲಿ ಕರಾವಳಿಯಲ್ಲೇ ಇದ್ದು ಈಗ ನಿವೃತ್ತನಾಗಿ ಮಗನ ಮನೆಯಲ್ಲಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಹೇಳುತ್ತೇನೆ.

ದಿನದ ಗಳಿಕೆಯನ್ನು 365ರಿಂದ ಗುಣಿಸಬೇಡಿ. ಎದುರಿನವರಲ್ಲಿ ಒಬ್ಬ ತಿಳಿದವನಿದ್ದರೆ ಅಲ್ಲೇ ಕಾಗದ ಹರಿಯುತ್ತಾನೆ. ಬಳಚಿನ ಕೆಲಸ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ದೊಡ್ಡದು, ಮರಳು ದಿಬ್ಬಗಳು ಹೆಚ್ಚು ಹೊತ್ತು ತೆರೆದಿರುತ್ತವೆ. ಅಷ್ಟಮಿಯ ಹೊತ್ತಿಗೆ ಇಳಿತ ಸಣ್ಣದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಕೆಲಸವೇ ಇಲ್ಲ. ಆದ್ದರಿಂದ ಗೋಡೆಯ ಪಂಚಾಂಗದ ಮೇಲೆಯೇ ಗುರುತು ಹಾಕಿಸಿ: ಯಾವ ತಿಥಿ, ಎಷ್ಟು ಜನ, ಎಷ್ಟು ಪಾತ್ರೆ, ಎಷ್ಟಕ್ಕೆ ಮಾರಿದರು. ಮನೆಗೆ ಇಟ್ಟುಕೊಂಡದ್ದನ್ನೂ ಬರೆಯಿರಿ. ಅದನ್ನು ಬಿಟ್ಟರೆ ಅರ್ಧ ಲೆಕ್ಕ ಹೋದಂತೆ. ಅದು ಊಟದ ಪ್ರೋಟೀನು, ಕೊಂಡರೆ ಎಷ್ಟಾಗುತ್ತಿತ್ತು ಎಂದು ಬೆಲೆ ಕಟ್ಟಬಹುದು.

ಸೊನ್ನೆಯಿಂದ ಶುರು ಮಾಡುವ ಅಗತ್ಯವೂ ಇಲ್ಲ. ನೀವಿರುವ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯವರು ಅಘನಾಶಿನಿಯ ಚಿಪ್ಪುಜೀವಿಗಳ ಬಗ್ಗೆ ಅಧ್ಯಯನ ಮಾಡಿದ್ದಾರೆ. ಅವರ ಅಂದಾಜಿನಲ್ಲಿ ಈ ಒಂದು ಅಳಿವೆಯಿಂದ (ಹೊಳೆ ಕಡಲು ಸೇರುವ ಜಾಗದಿಂದ) ವರ್ಷಕ್ಕೆ ಸುಮಾರು 22,000 ಟನ್ ಬಳಚು, ಕಲಗ ಮೊದಲಾದ ಚಿಪ್ಪುಜೀವಿಗಳು ಬರುತ್ತವೆ, ನೇರವಾಗಿ ಅದರಿಂದಲೇ ಬದುಕುವವರು 2,300ಕ್ಕೂ ಹೆಚ್ಚು. ಅಂಕಿ ಹಳೆಯದು, ಆದರೆ ಮುದ್ರಿತ ದಾಖಲೆ. ಅದನ್ನು ಲಗತ್ತಿಸಿ, ಅದರ ಮೇಲೆ ನಿಮ್ಮ ಪಂಚಾಂಗದ ಲೆಕ್ಕವನ್ನು ಇಡಿ.

ಎರಡನೆಯದು, ಒಟ್ಟಿಗೆ ಬದುಕುವ ಮಾತು. ಜನ ಹೊಗೆ ನೋಡಿ ಹೆದರುತ್ತಾರೆ, ನಾನು ನೀರಿನ ಉಪ್ಪು ನೋಡಿ ಹೆದರುತ್ತೇನೆ. ಪಕ್ಕದ ಹೊನ್ನಾವರದ ಶರಾವತಿಯನ್ನು ನೋಡಿ. ಅಲ್ಲಿ ಹೊಳೆಬಾಯಿಗೆ ವಿಷ ಸುರಿಯಲಿಲ್ಲ. ಮೇಲೆ ವಿದ್ಯುತ್ ಉತ್ಪಾದಿಸಿದ ಸಿಹಿನೀರು ಗೇರುಸೊಪ್ಪೆ ಅಣೆಕಟ್ಟಿನಿಂದ ಬೇಸಿಗೆಯಲ್ಲೂ ಬಿಡುವಿಲ್ಲದೆ ಇಳಿಯುತ್ತದೆ, ಅಷ್ಟೇ. ಅಳಿವೆಯ ಉಪ್ಪು ಇಳಿಯಿತು, ಉಪ್ಪು ಬೇಡುವ ಬಳಚು ಸೋತಿತು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದೇ ನಿಮ್ಮ ಚಿಕ್ಕಮ್ಮನವರ ಬಂಡವಾಳ. ಬಂದರಿಗೆಂದು ಹೂಳೆತ್ತಿ ಹೊಳೆಬಾಯಿಯನ್ನು ಆಳ ಮಾಡಿದರೆ ಇದು ಬೇರೆ ದಾರಿಯಿಂದ ಕೆಡುತ್ತದೆ: ದಿಬ್ಬವೇ ಹೋಗುತ್ತದೆ, ಎದ್ದ ಕೆಸರು ಕಿವಿರುಗಳಿಗೆ ಕಟ್ಟಿಕೊಳ್ಳುತ್ತದೆ. ಮೀನಾದರೆ ಈಜಿ ಪಾರಾದೀತು, ಬಳಚು ಎಲ್ಲಿಗೆ ಹೋದೀತು?

ನನ್ನ ಹೆಸರಿನ ಪಚ್ಚಿಲೆಯನ್ನು (ಬಂಡೆಗೆ ಅಂಟಿ ಬೆಳೆಯುವ ಹಸಿರು ಚಿಪ್ಪಿನ ಜೀವಿ) ಹಗ್ಗದಲ್ಲಿ ಬೆಳೆಸುವ ಕೃಷಿ ಇದೆ. ಕಾಸರಗೋಡಿನ ಪಡನ್ನ, ಚೆರುವತ್ತೂರು ಕಡೆ ಹೆಂಗಸರ ಸಂಘಗಳು 1990ರ ದಶಕದ ಕೊನೆಯಿಂದ ಮಾಡಿವೆ. ಬಂಡೆಯಿಂದ ತಂದ ಮರಿಗಳನ್ನು ಹತ್ತಿ ಬಲೆಯಲ್ಲಿ ಹಗ್ಗಕ್ಕೆ ಸುತ್ತಿ ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಮರಿಗಳು ತಮ್ಮದೇ ನಾರಿನಿಂದ ಹಗ್ಗವನ್ನು ಹಿಡಿದುಕೊಳ್ಳುತ್ತವೆ, ಅಷ್ಟರಲ್ಲಿ ಹತ್ತಿ ಕೊಳೆತು ಉದುರುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಕಟ್ಟಿದರೆ ಮೇ ತಿಂಗಳಿಗೆ, ಮಳೆನೀರು ಬರುವ ಮುಂಚೆ ತೆಗೆಯಬೇಕು. ಕೇಂದ್ರದ ಮತ್ಸ್ಯಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಶೇ. 60ರವರೆಗೆ ಸಹಾಯಧನವನ್ನೂ ಇಟ್ಟಿದ್ದರು. ಆದರೆ "ದಿಬ್ಬ ಬಿಡಿ, ಹಗ್ಗ ಕೊಡುತ್ತೇವೆ" ಎಂದು ಯಾರಾದರೂ ಬಂದರೆ ಒಪ್ಪಬೇಡಿ. ಹಗ್ಗಕ್ಕೆ ಬೇಕಾಗುವುದೂ ಅದೇ ಶುದ್ಧ ಉಪ್ಪುನೀರು.

---

ಅಂಕೋಲೆಯ ಮಾಣಿ (ಪೀಣ್ಯ 2ನೇ ಹಂತ)

ಎಲ್ಲರೂ ಚಂದವಾಗಿ ಬರೆದಿದ್ದೀರಿ. ನಾನು ಕಹಿ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬಳಚು ತೆಗೆಯುವ ಯಾವ ತಾಯಿ ತನ್ನ ಮಗಳೂ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಲಿ ಎಂದು ಬಯಸುತ್ತಾಳೆ? ನಮ್ಮ ಜಿಲ್ಲೆಯ ಹುಡುಗರು ಗೋವಾಕ್ಕೆ ಹೋಗುತ್ತಾರೆ, ಇಲ್ಲದಿದ್ದರೆ ನನ್ನ ಹಾಗೆ ಇಲ್ಲಿ ಲೇತ್ ಮುಂದೆ ನಿಲ್ಲುತ್ತಾರೆ. ದೊಡ್ಡ ಕಾಯಿಲೆ ಬಂದರೆ ಆಂಬುಲೆನ್ಸು ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ಉದ್ಯಮ ಬರದೆ ಇದೆಲ್ಲ ಬದಲಾಗುವುದು ಹೇಗೆ? ಬೆಂಗಳೂರಿನಲ್ಲಿ ಕೆಲಸ, ನೀರು, ಮೆಟ್ರೊ ಎಲ್ಲ ಅನುಭವಿಸುತ್ತಾ ಊರು ಮಾತ್ರ ಹಾಗೇ ಇರಲಿ ಎನ್ನುವುದು ನಮ್ಮಂಥವರ ಹಳೆಯ ಚಾಳಿ. ಊರು ನಮಗೆ ರಜೆಯಲ್ಲಿ ನೋಡಲು ಇರುವ ಜಾಗವಲ್ಲ.

---

ಹೊಳೆಸಾಲಿನವಳು

ಪಚ್ಚಿಲೆ ಸರ್, ಪಂಚಾಂಗದ ಸಲಹೆಗೆ ತುಂಬಾ ಧನ್ಯವಾದ. ನಾನು ಎಕ್ಸೆಲ್ ಹಾಳೆ ಮಾಡಿ ಕಳಿಸುವವಳಿದ್ದೆ. ಅಡುಗೆಮನೆಯ ಗೋಡೆಯ ಮೇಲಿರುವುದು ಪಂಚಾಂಗ ತಾನೇ.

ಮಾಣಿಯವರೇ, ಬೇಸರವಿಲ್ಲ. ಮಗಳು ನೀರಿಗೆ ಇಳಿಯಲಿ ಎಂದು ಚಿಕ್ಕಮ್ಮನೂ ಬಯಸುವುದಿಲ್ಲ, ಅದು ನಿಜ. ಆದರೆ ಆ ವಾದದಲ್ಲಿ ಒಂದು ತಲೆಮಾರು ಕಾಣೆಯಾಗುತ್ತದೆ. ಚಿಕ್ಕಮ್ಮನಿಗೆ ಐವತ್ತರ ಆಸುಪಾಸು. ಶಾಲೆ ನಾಲ್ಕನೇ ಇಯತ್ತೆಗೆ ನಿಂತಿದೆ. ಯಾವ ಬಂದರು, ಯಾವ ಸ್ಥಾವರ ಅವರನ್ನು ಕೆಲಸಕ್ಕೆ ಕರೆಯುತ್ತದೆ? ಕಸ ಗುಡಿಸಲು ಗುತ್ತಿಗೆಯ ಮೇಲೆ ತೆಗೆದುಕೊಂಡರೆ ಅದೇ ಹೆಚ್ಚು. ಮಗನಿಗೆ ಸಿಗಬಹುದು ಎನ್ನೋಣ. ಮಗನ ಸಂಬಳ ಅಮ್ಮನ ಸೆರಗಿನ ಗಂಟಿಗೆ ಬರುವುದಿಲ್ಲ ಎಂಬುದು ನಮ್ಮ ಎಲ್ಲರ ಮನೆಯಲ್ಲಿ ಗೊತ್ತಿರುವ ವಿಷಯ. ಒಬ್ಬರ ಖಾತೆಯಿಂದ ತೆಗೆದು ಇನ್ನೊಬ್ಬರ ಖಾತೆಗೆ ಹಾಕಿ, ಒಟ್ಟು ಮೊತ್ತ ಹೆಚ್ಚಾಯಿತು ನೋಡಿ ಎಂದು ತೋರಿಸಿದರೆ ನಮ್ಮ ಕಚೇರಿಯಲ್ಲಿ ಅದಕ್ಕೆ ಸಹಿ ಬೀಳುವುದಿಲ್ಲ.

ಇನ್ನು ನಮ್ಮ ಜಿಲ್ಲೆ ಕೊಟ್ಟಿಲ್ಲವೇ? ಕಾಳಿ ಹೊಳೆಗೆ ಸಾಲು ಅಣೆಕಟ್ಟು, ಕೈಗಾದಲ್ಲಿ ಅಣುಸ್ಥಾವರ, ಕಾರವಾರದಲ್ಲಿ ನೌಕಾನೆಲೆ. ಇಷ್ಟೆಲ್ಲ ಆದ ಮೇಲೂ ಆಂಬುಲೆನ್ಸು ಮಂಗಳೂರಿಗೇ ಓಡುತ್ತಿದೆ ಎಂದು ನೀವೇ ಬರೆದಿದ್ದೀರಿ.

ಬೆಂಗಳೂರಿನ ಮಾತು ಒಪ್ಪಿದೆ. ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಬೆಂಗಳೂರಿಗೆ ತರುವ ಮಾತು 2019ರಲ್ಲಿ ಬಂದಾಗ ನನ್ನ ಬೀದಿಯಲ್ಲಿ ಟ್ಯಾಂಕರಿಗೆ ಕಾಯುತ್ತಿದ್ದವರು "ಬರಲಿ ಬಿಡಿ" ಎಂದರು. ಅವರನ್ನೂ ದೂರಲಾಗುವುದಿಲ್ಲ. ಆದರೆ ಆ ನೀರಿನ ಇನ್ನೊಂದು ತುದಿಯಲ್ಲಿ ಅಳಿವೆ ಇದೆ ಎಂದು ಅವರಿಗೆ ಹೇಳಿದವರು ಯಾರು?

---

ಕಟಕಟೆ (ಜಯನಗರ)

ವೃತ್ತಿಯಿಂದ ವಕೀಲ. ಕಾನೂನಿನ ಕಡೆಯಿಂದ ಒಂದಿಷ್ಟು.

ಅಘನಾಶಿನಿ ಅಳಿವೆಗೆ 2024ರ ಆರಂಭದಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸರ್ ಮನ್ನಣೆ ಸಿಕ್ಕಿತು, ಸುಮಾರು 4,800 ಹೆಕ್ಟೇರ್. ಊರಿನಲ್ಲಿ ಹಲವರು "ಇನ್ನು ಯಾರೂ ಮುಟ್ಟುವಂತಿಲ್ಲ" ಎಂದು ನಿಶ್ಚಿಂತರಾಗಿರಬಹುದು. ಅಷ್ಟು ಸರಳವಿಲ್ಲ. 2017ರ ಜೌಗುಪ್ರದೇಶ ನಿಯಮಗಳು ರಾಮ್ಸರ್ ತಾಣಗಳಲ್ಲಿ ಹೊಸ ಕೈಗಾರಿಕೆಯನ್ನು ನಿಷೇಧಿಸುತ್ತವೆ, ನಿಜ. ಆದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗೆ ಒಳಪಡುವ ಜೌಗಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂದು ಅದೇ ನಿಯಮದಲ್ಲಿ ಬರೆದಿದೆ. ಅಳಿವೆ ಎಂದ ಮೇಲೆ ಬಹುಪಾಲು ಆ ವಲಯವೇ. ಅಂದರೆ ನಿಮ್ಮ ಜಗಳ ನಡೆಯುವುದು ಕರಾವಳಿ ಅಧಿಸೂಚನೆಯ ಅಡಿಯಲ್ಲಿ. ಅದರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಜೀವಿಗಳಿರುವ ಕೆಸರು ಬಯಲು ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತವೆ. ಅದೇ ಅಧಿಸೂಚನೆ ಬಂದರಿನಂಥ, ದಡದಲ್ಲೇ ಇರಬೇಕಾದ ಕಾಮಗಾರಿಗಳಿಗೆ ಅನುಮತಿಯ ದಾರಿಯನ್ನೂ ಇಟ್ಟಿದೆ.

ಆದ್ದರಿಂದ ಮೊದಲ ಕೆಲಸ ನಕ್ಷೆ. ಜಿಲ್ಲೆಯ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ನಿಮ್ಮ ಚಿಕ್ಕಮ್ಮ ಕಾಲಿಡುವ ದಿಬ್ಬ ಕೆಸರು ಬಯಲು ಎಂದು ಬಿದ್ದಿದೆಯೇ ನೋಡಿ. ಇಲ್ಲದಿದ್ದರೆ ಯೋಜನೆ ಬರುವ ಮೊದಲೇ ತಿದ್ದುಪಡಿ ಕೇಳಿ ಅರ್ಜಿ ಕೊಡಿ. ಹೆಂಗಸರು ಆ ದಿಬ್ಬಗಳಿಗೆ ಕರೆಯುವ ಹೆಸರುಗಳಿರುತ್ತವೆ, ಅವನ್ನೂ ಬರೆಯಿಸಿ. ಹೆಸರಿರುವ ಜಾಗವನ್ನು ಖಾಲಿ ಎನ್ನುವುದು ಅಧಿಕಾರಿಗೂ ಕಷ್ಟ.

ಅಹವಾಲು ಸಭೆಗೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಕನಿಷ್ಠ 30 ದಿನಗಳ ನೋಟಿಸು ಬೇಕು, ಯೋಜನೆಯ ಸಾರಾಂಶ ಕನ್ನಡದಲ್ಲಿ ಇರಬೇಕು, ಸಭೆಯ ಚಿತ್ರೀಕರಣ ಆಗಬೇಕು, ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಕೋರಂ ಇಲ್ಲ, ಹತ್ತು ಜನ ಬಂದರೂ ಸಭೆ ಸಭೆಯೇ. ಎಚ್ಚರ ಬೇಕಾದದ್ದು ಇಲ್ಲಿ: ಆಗಲೇ ಅನುಮೋದನೆ ಪಡೆದ ಕೈಗಾರಿಕಾ ಪ್ರದೇಶದೊಳಗೆ ಘಟಕ ಬಂದರೆ ಅಹವಾಲು ಸಭೆಯಿಂದಲೇ ವಿನಾಯಿತಿ ಸಿಗಬಹುದು. ಸುದ್ದಿಯಲ್ಲಿರುವ ಜಾಗ ಯಾವ ಸರ್ವೆ ನಂಬರು, ಅದರ ಇತಿಹಾಸ ಏನು ಎಂದು ಮಾಹಿತಿ ಹಕ್ಕಿನಲ್ಲಿ ಈಗಲೇ ಕೇಳಿ. ಅನುಮತಿ ಕೊಟ್ಟೇಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ, ಸಕಾರಣ ಇದ್ದರೆ ಇನ್ನೂ 60. ಅದರಾಚೆ ಬಾಗಿಲು ಮುಚ್ಚುತ್ತದೆ.

---

ರುಚಿಗಾರ (ಕೋರಮಂಗಲ)

ಚರ್ಚೆಯ ನಡುವೆ ಕ್ಷಮಿಸಿ. ಬೆಂಗಳೂರಿನಲ್ಲಿ ತಾಜಾ ಬಳಚು ಎಲ್ಲಿ ಸಿಗುತ್ತದೆ? ಮಂಗಳೂರು ಹೋಟೆಲುಗಳಲ್ಲಿ ಮರುವಾಯಿ (ತುಳುವಿನಲ್ಲಿ ಬಳಚು) ಸುಕ್ಕ ತಿಂದಿದ್ದೇನೆ, ಮನೆಯಲ್ಲಿ ಮಾಡಬೇಕು.

---

ಹೊಳೆಸಾಲಿನವಳು

ನಮಗೆ ಊರಿನಿಂದ ರಾತ್ರಿ ಬಸ್ಸಿನಲ್ಲಿ ಐಸ್ ಹಾಕಿದ ಡಬ್ಬಿಯಲ್ಲಿ ಬರುತ್ತದೆ, ಅಂಗಡಿಯ ವಿಷಯ ನನಗೆ ಗೊತ್ತಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಬೆಳಿಗ್ಗೆ ವಿಚಾರಿಸಿ ನೋಡಿ. ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದ ಚಿಪ್ಪನ್ನು ಎಸೆದುಬಿಡಿ. ಮತ್ತು ತಿನ್ನುವವರೂ ಆಕ್ಷೇಪಣೆ ಪತ್ರಕ್ಕೆ ಸಹಿ ಹಾಕಬಹುದು!

---

ಪಚ್ಚಿಲೆ (ಯಲಹಂಕ)

ರುಚಿಗಾರರ ಪ್ರಶ್ನೆ ದಾರಿ ತಪ್ಪಿದ್ದಲ್ಲ. ಚಿಪ್ಪುಜೀವಿ ನೀರನ್ನು ಸೋಸಿ ತಿನ್ನುತ್ತದೆ. ನೀರಿನಲ್ಲಿ ಇದ್ದದ್ದೆಲ್ಲ ಅದರ ಮೈಯಲ್ಲಿ ಸೇರುತ್ತದೆ. ಚರಂಡಿಯ ಬ್ಯಾಕ್ಟೀರಿಯಾ ಆದರೆ ಶುದ್ಧ ಸಮುದ್ರನೀರಿನಲ್ಲಿ ಒಂದೆರಡು ದಿನ ಇಟ್ಟು ಬಹುಮಟ್ಟಿಗೆ ಕಳೆಯಬಹುದು. ಸೀಸ, ಕ್ಯಾಡ್ಮಿಯಂ ಹಾಗೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಪಾಚಿಯ ವಿಷವೂ ಹಾಗೆಯೇ. ಮಂಗಳೂರಿನ ದಕ್ಷಿಣಕ್ಕೆ ಕುಂಬಳೆಯಲ್ಲಿ 1983ರಲ್ಲಿ ಚಿಪ್ಪು ತಿಂದವರಿಗೆ ವಿಷವೇರಿದ ಘಟನೆ ನಮ್ಮ ಕಾಲದವರಿಗೆಲ್ಲ ನೆನಪಿದೆ.

ಕೈಗಾರಿಕೆಯ ಪಕ್ಕದಲ್ಲಿ ಬಳಚು ಬದುಕಿ ಉಳಿಯಿತು ಎಂದೇ ಇಟ್ಟುಕೊಳ್ಳಿ. ಅದನ್ನು ಕೊಳ್ಳುವವನಿಗೆ ಒಮ್ಮೆ ಅನುಮಾನ ಹುಟ್ಟಿದರೆ ಮಾರುಕಟ್ಟೆ ಸತ್ತ ಹಾಗೆ. ಬಳಚಿನ ನಷ್ಟ ಎಂದರೆ ಸತ್ತ ಬಳಚಿನ ಲೆಕ್ಕ ಮಾತ್ರವಲ್ಲ ಎಂದು ಪತ್ರದಲ್ಲಿ ಬರೆಯಿರಿ. ಅದಕ್ಕೆ ಒಂದು ಷರತ್ತನ್ನೂ ಕೇಳಿ: ಯಾವ ಉದ್ಯಮವೇ ಬರಲಿ, ಅದು ಶುರುವಾಗುವ ಮೊದಲೇ ಎಲ್ಲ ಋತುಗಳಲ್ಲಿ ನೀರು, ಕೆಸರು, ಬಳಚಿನ ಮಾಂಸ ಮೂರನ್ನೂ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯಲ್ಲಿ ತೂಗುಹಾಕಬೇಕು. ಮೊದಲಿನ ಅಂಕಿ ಇಲ್ಲದಿದ್ದರೆ ನಾಳೆ "ಇದು ಮುಂಚೆಯೂ ಹೀಗೇ ಇತ್ತು" ಎನ್ನುತ್ತಾರೆ.

ಕೇರಳದ ಅಷ್ಟಮುಡಿ ಅಳಿವೆಯಲ್ಲಿ ಬಳಚನ್ನು ಕೊಯ್ಯುವವರು ಬಲೆಯ ಕಣ್ಣಿನ ಅಳತೆ, ಬಿಡುವಿನ ತಿಂಗಳು ಎಲ್ಲ ಕಟ್ಟುಮಾಡಿಕೊಂಡು 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದರು, ದೇಶದಲ್ಲೇ ಮೊದಲು. ಪಕ್ಕದಲ್ಲಿ ಕೊಲ್ಲಂ ಪಟ್ಟಣವೇ ಇದೆ. ಸುಲಭವಾಗಿತ್ತು ಎನ್ನಲಾರೆ, ಆದರೆ ಮಾಣಿಯವರಿಗೆ ಹೇಳುತ್ತೇನೆ, ಇದೂ ಉದ್ಯಮವೇ.

---

ಅಂಕೋಲೆಯ ಮಾಣಿ (ಪೀಣ್ಯ 2ನೇ ಹಂತ)

ಪರೀಕ್ಷೆಯ ಷರತ್ತಿಗೆ ನಾನೂ ಸಹಿ ಹಾಕುತ್ತೇನೆ. ಉಳಿದದ್ದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

---

ಹೊಳೆಸಾಲಿನವಳು

ಎಲ್ಲರಿಗೂ ಧನ್ಯವಾದ. ಒಂದು ಹೊಸ ತೊಡಕು ಬಂದಿದೆ, ಕಟಕಟೆಯವರು ದಯವಿಟ್ಟು ನೋಡಬೇಕು.

ಚಿಕ್ಕಮ್ಮನಿಗೆ ಫೋನು ಮಾಡಿ ಪಂಚಾಂಗದ ಮೇಲೆ ಬರೆಯುವುದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಇದನ್ನೆಲ್ಲ ಬರೆದುಕೊಟ್ಟರೆ ನನ್ನ ಬಿಪಿಎಲ್ ಕಾರ್ಡು ಏನಾಗುತ್ತದೆ?" ಎಂದರು. ಉಳಿದ ಹೆಂಗಸರದೂ ಅದೇ ಮಾತಂತೆ. ವರ್ಷಕ್ಕೆ 1.20 ಲಕ್ಷದ ಗೆರೆ ಅವರೆಲ್ಲರಿಗೂ ಬಾಯಿಪಾಠ. ಮನೆಯಲ್ಲಿ ಗಂಡನ ದುಡಿಮೆ ಸೇರಿಸಿದರೆ ಗೆರೆ ದಾಟಬಹುದು ಎಂಬ ಹೆದರಿಕೆ. ಆದಾಯ ತೋರಿಸದಿದ್ದರೆ ಹೊಳೆ ಹೋಗುತ್ತದೆ, ತೋರಿಸಿದರೆ ಅಕ್ಕಿ ಹೋಗುತ್ತದೆ. ಲೆಕ್ಕ ಬರೆಯುವವಳಾಗಿ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಕಡಿಮೆ ಬರೆಸಲು ಮನಸ್ಸೂ ಇಲ್ಲ.

---

ಕಟಕಟೆ (ಜಯನಗರ)

ಮನೆವಾರು ಬರೆಯಬೇಡಿ. ಆಕ್ಷೇಪಣೆಗೆ ಯಾರ ಆದಾಯ ಎಷ್ಟು ಎಂಬುದು ಬೇಕಾಗಿಲ್ಲ, ದಿಬ್ಬದ ಆದಾಯ ಎಷ್ಟು ಎಂಬುದು ಬೇಕು. ದಿಬ್ಬದ ಹೆಸರು, ತಿಥಿ, ಇಳಿದ ಜನರ ಒಟ್ಟು ಸಂಖ್ಯೆ, ಒಟ್ಟು ಪಾತ್ರೆ, ಆ ದಿನದ ಪೇಟೆಯ ದರ. ವ್ಯಕ್ತಿಗಳ ಹೆಸರು ಎಲ್ಲೂ ಬೇಡ. ಕೆಳಗೆ ಮಹಿಳಾ ಸಂಘದ ಮೊಹರು, ಸಾಧ್ಯವಾದರೆ ಗ್ರಾಮಸಭೆಯ ನಿರ್ಣಯ. ನಕ್ಷೆ ಕೈಗೆ ಬಂದ ಮೇಲೆ ಕರಡನ್ನು ಇಲ್ಲೇ ಹಾಕಿ, ಕಾನೂನಿನ ಭಾಗವನ್ನು ನಾನು ತಿದ್ದಿ ಕೊಡುತ್ತೇನೆ. ಶುಲ್ಕವಾಗಿ ಆ ಐಸ್ ಡಬ್ಬಿ ಒಮ್ಮೆ ಜಯನಗರಕ್ಕೂ ಬರಲಿ.